ಆದೀತು

ಕಡೀನಾದ ಬೇಕರಿಯಲ್ಲಿ, ರಾತ್ರಿ ಎರಡೂವರೆಗೆ,
ಒಲೆಯ ಬರ್ನರ್ ಕೆಮ್ಮಿ ಕೆಮ್ಮಿ ಆರಿಹೋಯಿತು.
ಮರ್ವ್ ಟ್ರೆಜೈಸ್ ಮಂಡಿಯೂರಿದ,
ಟಾರ್ಚು ಹಲ್ಲಲ್ಲಿ ಕಚ್ಚಿ ಏನೋ ತಿರುಚಿದ,
ಎದ್ದು, ಕೈಯ ಮಸಿ ಏಪ್ರನ್ನಿಗೆ ಒರೆಸಿ ಅಂದ:
'ಶೀಲ್ ಬಿ ರೈಟ್.'

ಶೀಲಾ?
ಸುತ್ತ ನೋಡಿದೆ. ಇದ್ದವರು ನಾವಿಬ್ಬರೇ,
ಮತ್ತೆ ಮುನ್ನೂರು ಹಸಿ ಬನ್ನು.
ಯಾರವಳು, ಸರಿಹೋಗಬೇಕಾದವಳು?

ದಿನ ಕಳೆದ ಹಾಗೆ ತಿಳಿಯಿತು, ಈ ಊರಲ್ಲಿ
ಎಲ್ಲವೂ ಅವಳೇ. ಸೋರುವ ನೀರಿನ ಟ್ಯಾಂಕು ಅವಳು,
ಗೇರು ಬೀಳದ ವ್ಯಾನು ಅವಳು,
ನೂರು ವರ್ಷದ ಹಿಂದೆ ಮುಚ್ಚಿದ
ತಾಮ್ರದ ಗಣಿಯೂ ಅವಳೇ.
ಎಲ್ಲರೂ ಭುಜ ಕುಣಿಸಿ, ಭಾರ ಅವಳ ಮೇಲೆ ಹಾಕಿ
ಚಹಾ ಕುಡಿಯಲು ಹೋಗುತ್ತಾರೆ.
ಪಾಪ, ಅವಳಿಗೆಷ್ಟು ಕೆಲಸ.

'ನಿಮ್ಮಲ್ಲಿ ಏನಂತೀರಿ?' ಒಂದು ದಿನ ಕೇಳಿದ,
ಪೇಸ್ಟಿಯ ಅಂಚು ಮಡಿಚುತ್ತ.
ನಮ್ಮ ಕರಿಗಡುಬಿಗೆ ಯಾರೋ ಆಲೂಗಡ್ಡೆ, ಮಾಂಸ ತುಂಬಿ
ಗಣಿ ಕೆಲಸಕ್ಕೆ ಕಳಿಸಿದ ಹಾಗಿರುತ್ತದೆ ಪೇಸ್ಟಿ.
ಯೋಚಿಸಿದೆ. 'ಎಲ್ಲ ಒಳ್ಳೇದಾಗ್ತದೆ' ಕ್ಯಾಲೆಂಡರಿನ ಮಾತು.
'ದೇವರಿದ್ದಾನೆ' ಅನ್ನುವುದು ಡಾಕ್ಟರು ಕೈಬಿಟ್ಟ ಮೇಲೆ.
ನಡುವೆ ಒಂದಿದೆ, ಬಡಪಾಯಿ:
ಆದೀತು.

ರಾಣೆಬೆನ್ನೂರಿನ ಏಳನೇ ಇಯತ್ತೆಯಲ್ಲಿ
ಬಣಕಾರ ಮಾಸ್ತರು ಬೋರ್ಡಿನ ಮೇಲೆ ಬರೆದಿದ್ದರು:
ಬಂದೀತು, ತಂದೀತು, ಉಂಡಾನು, ಹೋದಾಳು.
ಸಂಭಾವನಾರ್ಥಕ.
'ಹೌದೂ ಅಲ್ಲ, ಇಲ್ಲವೂ ಅಲ್ಲ,
ಅಗಳಿ ಹಾಕದೆ ಬಿಟ್ಟ ಬಾಗಿಲು' ಅಂದಿದ್ದರು.
ಅಂದ ಉಸಿರಿನಲ್ಲೇ ನನಗೆ
ಕಿಟಕಿ ಮುಚ್ಚಲು ಹೇಳಿದ್ದರು,
ಧೂಳು ಬಂದೀತು.

ಅದೇ ತೊಡಕು. ಮರ್ವ್‌ಗೆ ಹೇಗೆ ಹೇಳಲಿ,
ಮಳೆ ಬಂದೀತೆಂದು ಬಿತ್ತುವವಳೂ
ಮಳೆ ಬಂದೀತೆಂದು ಹಪ್ಪಳ ಒಳಗಿಡುವವಳೂ
ಆಡುವುದು ಒಂದೇ ಮಾತು.
ಗೋಡೆ ಹತ್ತಿದ ಮಗುವಿಗೆ 'ಬಿದ್ದೀಯ!' ಎಂದು
ತಾಯಿ ಕೂಗುವುದೂ ಇದೇ ಬಾಲ ಹಿಡಿದು.
ನನ್ನ ಭಾಷೆ ಆಸೆಗೂ ಅಂಜಿಕೆಗೂ
ಸೇರಿಸಿ ಒಂದೇ ಜೊತೆ ಚಪ್ಪಲಿ ಕೊಡಿಸಿದೆ.
ಇನ್ನು ಕೈಗಡ ಕೇಳಿದರೆ, 'ಆದೀತು', ಅದು ಒಪ್ಪಿಗೆ.
ಕೊನೆ ಎಳೆದು 'ಆದೀತೂ' ಅಂದರೆ
ಇನ್ನೊಮ್ಮೆ ಬರಬೇಡ.

ಇಷ್ಟೆಲ್ಲ ನನ್ನ ಇಂಗ್ಲಿಷಿನಲ್ಲಿ ಇರಲಿಲ್ಲ.
'ಬಹುಶಃ. ಆದರೆ ಒಳ್ಳೇದರ ಕಡೆ
ಒಂದಿಷ್ಟು ವಾಲಿದ ಬಹುಶಃ' ಅಂದೆ.
ಬಾಯಲ್ಲಿ ಉರುಳಿಸಿ ನೋಡಿದ: ಆಡೀಟು.
'ಅಲ್ಲ, ನಾಲಿಗೆ ಹಲ್ಲಿಗೆ ತಾಗಲಿ.'
ಆಡೀಟು.
ಇಬ್ಬರ ಎದೆಯೂ ಧಸಕ್ಕೆಂದಿತು,
ತೆರಿಗೆಯವರ ಪತ್ರ ಇನ್ನೂ ಕೌಂಟರಿನ ಕೆಳಗಿತ್ತು.
ಆಮೇಲೆ ನಕ್ಕೆವು, ಹಲಗೆಯ ಹಿಟ್ಟು ಹಾರುವಷ್ಟು.

ಆಗಸ್ಟಿನಲ್ಲಿ ಅವನ ಗಂಟಲಲ್ಲೊಂದು ಗಂಟು.
ಅಡಿಲೇಡಿಗೆ ಹೊರಟ ಬೆಳಗ್ಗೆ ಬೀಗದ ಕೈ ಕೊಟ್ಟ,
ಯೀಸ್ಟಿನ ಅಳತೆ ಹೇಳಿದ, ಗೊತ್ತಿದ್ದುದನ್ನೇ ಮತ್ತೆ ಹೇಳಿದ.
ಗ್ಲೆನಿಸ್ ಕಾರಿನಲ್ಲಿ ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದಳು.
ನಾನು ಕಾದೆ.
ಅವನು ಅವಳನ್ನು ಕರೆಯಲಿಲ್ಲ, ಮೊದಲ ಸಲ,
ಎಲ್ಲರ ಭಾರ ಹೊರುವ ಆ ಅವಳನ್ನು.
ನಾಲಿಗೆಯನ್ನು ಹಲ್ಲಿನ ಹಿಂದೆ
ಲೋಟ ಕಪಾಟಿಗಿಡುವ ಹಾಗೆ ಮೆಲ್ಲಗಿಟ್ಟು
ಅಂದ. ಸರಿಯಾಗಿಯೇ ಅಂದ.
ಯಾವಾಗ ಕಲಿತನೋ, ವ್ಯಾನಿನಲ್ಲಿ ಒಬ್ಬನೇ.
ಬಿತ್ತುವವಳದೋ, ಹಪ್ಪಳದವಳದೋ
ನಾನು ಕೇಳಲಿಲ್ಲ.

ಈಗ ಎರಡೂವರೆ. ಹಿಟ್ಟಿನ ಡಬ್ಬದ ಮೇಲೆ ಫೋನು ಸುಮ್ಮನಿದೆ.
ಒಲೆ ಒಮ್ಮೆ ಕೆಮ್ಮಿತು, ಕಾಲಿಂದ ತಿವಿದೆ, ಹತ್ತಿಕೊಂಡಿತು.
ನಾದಿದ ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸಿ ಮೂಲೆಗಿಟ್ಟಿದ್ದೇನೆ.
ಚಳಿ ಜಾಸ್ತಿ. ಯೀಸ್ಟು ಹಳೆಯದು.
ಉಬ್ಬೀತು.